ಎರೆ ಹೊಲದಲ್ಲಿ ಕ್ಯೂಫೀಲ್ಡ್: ಮಣ್ಣಿನ ಮಾದರಿ ತೆಗೆಯುವ ವಿದ್ಯಾರ್ಥಿಗಳಿಗೆ

ಮಣ್ಣು ಸಮೀಕ್ಷೆಯ ಯೋಜನೆಗಳಲ್ಲಿ ಕೆಲಸಕ್ಕೆ ಸೇರುವ ಕೃಷಿ ವಿದ್ಯಾರ್ಥಿಗಳು, ಧಾರವಾಡದವರಿರಲಿ ಹನುಮನಮಟ್ಟಿಯವರಿರಲಿ, ಹೊಲದಲ್ಲೇ ನಕ್ಷೆಯ ಮೇಲೆ ಬಿಂದು, ಮಾಹಿತಿ ದಾಖಲಿಸುವ ಕ್ಯೂಫೀಲ್ಡ್ ಆ್ಯಪನ್ನು ಧೈರ್ಯವಾಗಿ ಬಳಸಬಹುದು. ಉಚಿತ, ಮುಕ್ತ ತಂತ್ರಾಂಶ. ಕಂಪ್ಯೂಟರಿನ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಸಿದ್ಧಮಾಡಿದ ನಕ್ಷೆ, ಫಾರ್ಮು ಎರಡೂ ಇದ್ದಹಾಗೇ ಮೊಬೈಲಿಗೆ ಬರುತ್ತವೆ. ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ನಡೆಯುತ್ತದೆ. ಆದರೆ ಉಪಗ್ರಹ ಚಿತ್ರವನ್ನು ಮೊದಲೇ ಎಂಬಿಟೈಲ್ಸ್ ಫೈಲಾಗಿ (ಚಿತ್ರದ ತುಂಡುಗಳನ್ನು ಒಟ್ಟಿಗೆ ಕೂಡಿಟ್ಟ ಫೈಲು) ಮೊಬೈಲಿಗೆ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಪರದೆ ಬರೀ ಬಿಳಿ.

ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಸ್ಥಾನ ಹೇಳುವ ಪದ್ಧತಿಗೆ ಯುಟಿಎಂ ಎನ್ನುತ್ತಾರೆ. ನಕ್ಷೆಯನ್ನು ಅದರ 43 ಉತ್ತರ ವಲಯದಲ್ಲಿ (ಕ್ಯೂಜಿಐಎಸ್‌ನಲ್ಲಿ ಇದರ ಸಂಕೇತ ಇಪಿಎಸ್‌ಜಿ 32643) ಇಡಿ. ಈ ವಲಯದ ನಡುಗೆರೆ 75 ಡಿಗ್ರಿ ಪೂರ್ವ ರೇಖಾಂಶ, ಅದು ಧಾರವಾಡದ ಮಗ್ಗುಲಲ್ಲೇ ಹಾದುಹೋಗುತ್ತದೆ. ಪೂರ್ವ–ಪಶ್ಚಿಮ ದೂರ ಹೇಳುವ ಪೂರ್ವದ ಅಂಕಿಯನ್ನು (ಈಸ್ಟಿಂಗ್) ನಡುಗೆರೆಗೆ 5,00,000 ಎಂದಿಟ್ಟು ಎಣಿಸುತ್ತಾರೆ. ಹಾಗಾಗಿ ಧಾರವಾಡದಲ್ಲಿ ಅದು 5,00,000 ಮೀಟರಿನ ಆಸುಪಾಸು, ಗದಗದಲ್ಲಿ ಸುಮಾರು 5,67,000 ಬರಬೇಕು. ಬೇರೇನೋ ತೋರಿಸಿದರೆ ಎಲ್ಲೋ ತಪ್ಪಿದೆ.

ಈ ಆ್ಯಪಿನ ನಿಜವಾದ ಬಲ ಅದರ ಫಾರ್ಮು. ಚೀಲದ ನಂಬರು, ಸರ್ವೆ ನಂಬರು, ಹಿಸ್ಸಾ, ಬೆಳೆ, ಆಳ, ಫೋಟೋ ಎಲ್ಲಕ್ಕೂ ಕನ್ನಡದಲ್ಲೇ ಹೆಸರು ಕೊಡಬಹುದು. ಊರು, ಬೆಳೆಯಂಥವು ಪದೇ ಪದೇ ಬರುವುದರಿಂದ ಹಿಂದಿನ ಮಾಹಿತಿಯನ್ನೇ ಉಳಿಸಿಕೊಳ್ಳುವ ಪಿನ್ ಗುರುತಿದೆ. ಎಡವುವುದು ಅಲ್ಲೇ. ಚೀಲದ ನಂಬರಿಗೂ ಪಿನ್ ಬಿದ್ದರೆ ಎರಡು ಹೊಲಕ್ಕೆ ಒಂದೇ ನಂಬರು. ಪಿಎಚ್ 8.8 ಇರುವ ಸವಳು ಹೊಲದ ಫಲಿತಾಂಶ ಪಕ್ಕದ ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಅಂಟಿಕೊಂಡರೆ, ಸವಳು ತಿದ್ದುವ ಜಿಪ್ಸಂ ಬೇಕಿಲ್ಲದ ರೈತನಿಗೂ ಅದನ್ನು ಹಾಕಲು ಹೇಳಿದಂತಾಗುತ್ತದೆ. ಕ್ಯೂಜಿಐಎಸ್‌ನಲ್ಲೇ ಆ ಕಾಲಮಿಗೆ ‘ಖಾಲಿ ಬಿಡುವಂತಿಲ್ಲ, ಮರುಕಳಿಸುವಂತಿಲ್ಲ’ ಎಂಬ ಎರಡೂ ಕಟ್ಟಳೆ ಹಾಕಿ, ಕಡ್ಡಾಯ ಮಾಡಿ. ಐದು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಜಿಪಿಎಸ್ ಮೊಬೈಲಿನದು, ಆ್ಯಪಿನದಲ್ಲ. ಬಯಲಲ್ಲಿ 3ರಿಂದ 5 ಮೀಟರ್ ಆಚೀಚೆ ಇರುತ್ತದೆ, ಬದುವಿನ ಬೇವಿನ ಮರದ ಕೆಳಗೆ ಇನ್ನೂ ಹೆಚ್ಚು. ಸೆಟ್ಟಿಂಗಿನಲ್ಲಿ 5 ಮೀಟರಿಗಿಂತ ಹೆಚ್ಚು ತಪ್ಪಿದ್ದರೆ ಬಿಂದು ದಾಖಲಾಗದಂತೆ ಮಾಡಿ, 20 ಅಳತೆಗಳ ಸರಾಸರಿ ತೆಗೆಯಲು ಹೇಳಿ. ಅಷ್ಟಾದರೂ ನೀಲಿ ಚುಕ್ಕೆಯೊಂದನ್ನೇ ನಂಬಿ ಸರ್ವೆ ನಂಬರು ಬರೆಯಬೇಡಿ. ನಮ್ಮ ಗ್ರಾಮ ನಕ್ಷೆಗಳ ಅಳತೆ 1:7920, ಅಂದರೆ ಕಾಗದದ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್. ಗಡಿಗೆರೆಯ ದಪ್ಪದಲ್ಲೇ ಒಂದು ಬದು ಮುಳುಗಿಹೋಗುತ್ತದೆ. ರೈತರನ್ನು ಕೇಳಿ, ಪಹಣಿ ನೋಡಿ.

ಮಾದರಿ ತೆಗೆಯುವುದು ಮಾತ್ರ ಕೈಯ ಕೆಲಸವೇ. ಅಂಕುಡೊಂಕಾಗಿ ನಡೆದು 8–10 ಕಡೆ, 15 ಸೆಂಟಿಮೀಟರ್ ಆಳದ ‘ವಿ’ ಆಕಾರದ ಗುಂಡಿ ತೋಡಿ, ಅಂಚಿನಿಂದ ಒಂದೇ ದಪ್ಪದ ಹೋಳು ತೆಗೆದು ಬೆರೆಸಿ, ನಾಲ್ಕು ಪಾಲು ಮಾಡುತ್ತಾ ಎದುರುಬದುರಿನ ಎರಡು ಪಾಲು ಬಿಟ್ಟು ಅರ್ಧ ಕಿಲೋಗೆ ಇಳಿಸಬೇಕು. ತಿಪ್ಪೆ, ಬದು, ಮರದ ನೆರಳು ಬೇಡ. ಬೇಸಿಗೆಯಲ್ಲಿ ಎರೆ ಭೂಮಿ ಬಾಯಿಬಿಟ್ಟಾಗ ಮೇಲ್ಮಣ್ಣು ಬಿರುಕಿಗೆ ಉದುರಿ ಪದರಗಳು ಬೆರೆತಿರುತ್ತವೆ, ಬಿರುಕಿನ ಅಂಚಿನಲ್ಲಿ ಗುಂಡಿ ತೋಡಬೇಡಿ. ಸತುವನ್ನೂ ಪರೀಕ್ಷಿಸುವುದಿದ್ದರೆ ಸತುವಿನ (ಜಿಂಕ್) ಲೇಪದ ಬಕೆಟ್ ದೂರವಿಡಿ, ಪ್ಲಾಸ್ಟಿಕ್ಕಿನದು ಸಾಕು. ಚೀಲದೊಳಗಿನ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ, ಹಸಿ ಮಣ್ಣಿಗೆ ಪೆನ್ನಿನ ಶಾಯಿ ಕಲಸಿಹೋಗುತ್ತದೆ. ಬಿಂದುವನ್ನು ಹೊಲದ ನಡುವೆ ನಿಂತು ದಾಖಲಿಸಿ.

ಕೊರತೆ ಇರುವುದು ಮಾಹಿತಿ ವಾಪಸು ತರುವಲ್ಲಿ. ಫೋಟೋಗಳು ಬೇರೆ ಫೋಲ್ಡರಿನಲ್ಲಿ ಕೂರುತ್ತವೆ. ಆ್ಯಪ್ ತೆರೆದಿರುವಾಗ ಕೊನೆಯ ಕೆಲವು ಬಿಂದುಗಳು, ಎಲ್ಲ ಬಿಂದುಗಳನ್ನು ಕೂಡಿಡುವ ಜಿಯೋಪ್ಯಾಕೇಜ್ ಎಂಬ ಮುಖ್ಯ ಫೈಲಿಗೆ ಸೇರದೆ ಅದರ ಪಕ್ಕದ ‘ವಾಲ್’ ಎಂಬ ಪುಟ್ಟ ಫೈಲಿನಲ್ಲೇ ಉಳಿದಿರಬಹುದು. ಮುಖ್ಯ ಫೈಲೊಂದನ್ನೇ ವಾಟ್ಸಾಪಿನಲ್ಲಿ ಕಳಿಸಿದರೆ ಫೋಟೋಗಳ ಜೊತೆ ಅವೂ ಹೋದವು. ಆ್ಯಪ್ ಮುಚ್ಚಿ, ಇಡೀ ಫೋಲ್ಡರನ್ನು ಜಿಪ್ ಮಾಡಿ ಕಳಿಸಿ. ಕಂಪ್ಯೂಟರಿನಲ್ಲಿ ಬಿಂದುಗಳ ಲೆಕ್ಕ ಚೀಲಗಳ ಲೆಕ್ಕಕ್ಕೆ ತಾಳೆಯಾಗುವವರೆಗೆ ಮೊಬೈಲಿನಿಂದ ಏನನ್ನೂ ಅಳಿಸಬೇಡಿ.