ಒಂದೇ ಹೂರಣ, ಮೂರು ಅಂಟು: ಮನೆಯಲ್ಲಿ ಮಾಡಿ ನೋಡಿದ ಸ್ನ್ಯಾಕ್ ಬಾರ್‌ಗಳು

ನನಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯ ಯಾವುದೂ ಹೊಟ್ಟೆಗೆ ಹೋಗುವಂತಿಲ್ಲ, ಅವುಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ನನ್ನ ಕರುಳಿಗೆ ಆಗುವುದಿಲ್ಲ. ಮಗಳಿಗೆ ಶೇಂಗಾ ಆಗುವುದಿಲ್ಲ, ಬಾದಾಮಿ-ಗೋಡಂಬಿಯೂ ಆಗುವುದಿಲ್ಲ. ಇಬ್ಬರೂ ತಿನ್ನಬಹುದಾದ ಒಂದು ಬಾರ್ ಹುಡುಕಲು ಹೊರಟರೆ, ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದುವುದರಲ್ಲೇ ಹಸಿವು ಹೋಗಿಬಿಡುತ್ತದೆ. ಗ್ಲುಟೆನ್ ಇಲ್ಲದ್ದರಲ್ಲಿ ಬಾದಾಮಿ ಇರುತ್ತದೆ. ಬಾದಾಮಿ ಇಲ್ಲದ್ದರಲ್ಲಿ ಬಾರ್ಲಿ ಮಾಲ್ಟ್ ಇಣುಕುತ್ತದೆ. ಸಾಕಾಗಿ ಮನೆಯಲ್ಲೇ ಶುರು ಮಾಡಿದೆ.

ಮೊದಲ ಎರಡು ಸಲ ಸುಮ್ನೆ ಕೈಗೆ ಸಿಕ್ಕಿದ್ದೆಲ್ಲ ಕಲಸಿ ಕೆಟ್ಟೆ. ಆಮೇಲೆ ಒಂದು ವಿಷಯ ಹೊಳೆಯಿತು. ಒಣ ಸಾಮಾನು ಯಾವುದಿದ್ದರೂ ನಡೆಯುತ್ತದೆ, ಬಾರ್ ನಿಲ್ಲುವುದು ಬೀಳುವುದು ಅದನ್ನು ಹಿಡಿದಿಡುವ ಅಂಟಿನ ಮೇಲೆ. ಹಾಗಾಗಿ ಹೂರಣವನ್ನು ಬದಲಿಸದೆ ಅಂಟನ್ನು ಮಾತ್ರ ಬದಲಿಸುತ್ತಾ ಹೋದೆ.

ಹೂರಣಕ್ಕೆ 160 ಗ್ರಾಂ ಓಟ್ಸ್, 50 ಗ್ರಾಂ ಸೂರ್ಯಕಾಂತಿ ಬೀಜ, 40 ಗ್ರಾಂ ಕುಂಬಳ ಬೀಜ, ಚಿಟಿಕೆ ಉಪ್ಪು. ಓಟ್ಸ್‌ನಲ್ಲಿ ಗೋಧಿಯ ಗ್ಲುಟೆನ್ ಇರುವುದಿಲ್ಲ ನಿಜ, ಆದರೆ ಹೊಲದಲ್ಲಿ, ಗಿರಣಿಯಲ್ಲಿ ಗೋಧಿ ಬೆರೆತಿರುತ್ತದೆ. ಅದಕ್ಕೇ ಗ್ಲುಟೆನ್-ಮುಕ್ತ ಎಂದು ಬರೆದದ್ದೇ ಬೇಕು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದು. ಸೀಲಿಯಾಕ್ ಇರುವ ಕೆಲವರಿಗೆ ಶುದ್ಧ ಓಟ್ಸ್ ಕೂಡ ಒಗ್ಗುವುದಿಲ್ಲ, ನನಗೆ ಒಗ್ಗಿದೆ. ಬೀಜದ ಪ್ಯಾಕೆಟ್ಟನ್ನೂ ಓದಲೇಬೇಕು, ಶೇಂಗಾ ತುಂಬಿದ ಯಂತ್ರದಲ್ಲೇ ಇದನ್ನೂ ತುಂಬಿರಬಹುದು. ಇಷ್ಟನ್ನೂ ಓವನ್‌ನಲ್ಲಿ 160 ಡಿಗ್ರಿಯಲ್ಲಿ 12 ನಿಮಿಷ ಹುರಿದುಕೊಂಡೆ. ಹುರಿಯದೆ ಮಾಡಿದರೆ ಬಾರ್ ಹಸಿ ಹಸಿಯಾಗಿ ರಟ್ಟು ಅಗಿದಂತಿರುತ್ತದೆ.

ಶೇಂಗಾ ಬೆಣ್ಣೆಯ ಜಾಗಕ್ಕೆ ಸೂರ್ಯಕಾಂತಿ ಬೀಜದ ಬೆಣ್ಣೆ. ಹುರಿದ ಬೀಜವನ್ನು ಮಿಕ್ಸಿಗೆ ಹಾಕಿದರೆ ಮೊದಲು ಪುಡಿಯಾಗುತ್ತದೆ, ಆಮೇಲೆ ಮುದ್ದೆಯಾಗಿ ಗೋಡೆಗೆ ಅಂಟಿಕೊಂಡು ಕೂರುತ್ತದೆ. ಅಲ್ಲಿಗೆ ಕೆಟ್ಟುಹೋಯಿತು ಅನಿಸುತ್ತದೆ. ಕೆಟ್ಟಿರುವುದಿಲ್ಲ. ಕೆರೆದು ಹಾಕಿ ತಿರುಗಿಸುತ್ತಾ ಇದ್ದರೆ ಹತ್ತು ನಿಮಿಷದಲ್ಲಿ ಎಣ್ಣೆ ಬಿಟ್ಟು ತಾನಾಗಿಯೇ ಹರಿಯತೊಡಗುತ್ತದೆ. ನಡುನಡುವೆ ಮಿಕ್ಸಿಗೆ ಉಸಿರಾಡಲು ಬಿಡಿ, ಅಷ್ಟೇ.

ಮೊದಲ ಅಂಟು ಖರ್ಜೂರ. 200 ಗ್ರಾಂ ಬೀಜ ತೆಗೆದ ಖರ್ಜೂರವನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹಿಂಡಿ, ರುಬ್ಬಿ ಕಲಸುವುದು. ಹೂರಣ ಹುರಿದಾದ ಮೇಲೆ ಮತ್ತೆ ಒಲೆ ಬೇಡ, ಓವನ್ ಬೇಡ. ಟ್ರೇಗೆ ಒತ್ತಿ ಫ್ರಿಜ್‌ನಲ್ಲಿಟ್ಟರೆ ಎರಡು ಗಂಟೆಯಲ್ಲಿ ತಯಾರು. ಫ್ರಿಜ್‌ನಿಂದ ತೆಗೆದ ಕೂಡಲೇ ತಿಂದರೆ ಇದರ ಮುಂದೆ ಬೇರೆ ಯಾವುದೂ ಇಲ್ಲ. ಆದರೆ ಬ್ಯಾಗಿನಲ್ಲಿ ಮಧ್ಯಾಹ್ನದವರೆಗೆ ಇದ್ದರೆ ಕಾಗದ ಯಾವುದು ಬಾರ್ ಯಾವುದು ತಿಳಿಯದಂತೆ ಅಂಟಿಕೊಳ್ಳುತ್ತದೆ. ಮಗಳು ಒಂದು ದಿನ ಕಾಗದದ ಚೂರನ್ನೂ ತಿಂದು ಬಂದಳು. ನೆನೆಸಿದ ನೀರನ್ನು ಸರಿಯಾಗಿ ಹಿಂಡದಿದ್ದರೆ ಬೇಗ ಹುಳಿಯುತ್ತದೆ ಕೂಡ.

ಎರಡನೆಯದು ಜೇನು. 120 ಗ್ರಾಂ ಜೇನನ್ನು 118 ಡಿಗ್ರಿಯವರೆಗೆ ಕುದಿಸಿ, 80 ಗ್ರಾಂ ಬೀಜದ ಬೆಣ್ಣೆ ಸೇರಿಸಿ ಹೂರಣದ ಮೇಲೆ ಸುರಿಯುವುದು. ದೊಡ್ಡ ಪಾತ್ರೆಯನ್ನೇ ತೆಗೆದುಕೊಳ್ಳಿ, ಜೇನು ನೊರೆಯೆದ್ದು ಉಕ್ಕುತ್ತದೆ. ಮೊದಲ ಸಲ ಫೋನ್ ಬಂತೆಂದು ಎರಡು ನಿಮಿಷ ಆಚೆ ಹೋದೆ. ಪಾಕ ಏರಿಬಿಟ್ಟಿತು. ಆವತ್ತಿನ ಬಾರ್ ಮುರಿಯಲು ಲಟ್ಟಣಿಗೆ ಬೇಕಾಯಿತು. ಥರ್ಮಾಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡಿ. ಒತ್ತಿದರೆ ಬಗ್ಗುವ ಮೆತ್ತನೆ ಉಂಡೆಯಾದರೆ ಅದೇ ಹದ. ಒತ್ತಿದರೂ ಬಗ್ಗದಷ್ಟು ಗಟ್ಟಿಯಾದರೆ ಮೀರಿತು. ಇನ್ನೊಂದು ಮಾತು, ಹೂರಣ ಬೆಚ್ಚಗಿರುವಾಗಲೇ ಪಾಕ ಸುರಿಯಬೇಕು. ತಣ್ಣಗಿದ್ದರೆ ಪಾಕ ಅಲ್ಲಲ್ಲೇ ಗಂಟು ಕಟ್ಟಿ, ಒಂದು ಕಡೆ ಕಲ್ಲು, ಇನ್ನೊಂದು ಕಡೆ ಪುಡಿ.

ಹದ ಸಿಕ್ಕ ಮೇಲೆ ಮಾತ್ರ ಇದೇ ಗೆದ್ದಿತು. ಕತ್ತರಿಸಿದರೆ ಅಂಚು ನೇರ, ಬ್ಯಾಗಿನಲ್ಲಿ ಅಂಟುವುದಿಲ್ಲ, ಡಬ್ಬದಲ್ಲಿ ಒಂದು ವಾರ ಆರಾಮಾಗಿರುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೊಡಬಾರದು, ಕುದಿಸಿದರೂ ಸರಿ. ಬೊಟುಲಿಸಂ ಎಂಬ ಅಪಾಯಕಾರಿ ವಿಷಬಾಧೆ ತರುವ ಬೀಜಾಣು ಮನೆಯ ಕುದಿತಕ್ಕೆ ಸಾಯುವುದಿಲ್ಲ.

ಮೂರನೆಯದು ಬಾಳೆಹಣ್ಣು. 200 ಗ್ರಾಂ ಹಣ್ಣು ಕಿವುಚಿ, ಒಂದು ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿದ ಲೋಳೆ ಸೇರಿಸಿ, ಬೀಜದ ಬೆಣ್ಣೆ, ಅರ್ಧ ಚಮಚ ಅಡುಗೆ ಸೋಡಾ ಹಾಕಿ 175 ಡಿಗ್ರಿಯಲ್ಲಿ 25 ನಿಮಿಷ ಬೇಯಿಸಿದೆ. ಬಿಸಿ ಇರುವಾಗ ಚೆನ್ನಾಗಿಯೇ ಇತ್ತು. ಮಾರನೇ ದಿನ ಮಗಳು ಒಂದನ್ನು ಮುರಿದು, "ಅಮ್ಮಾ, ಒಳಗೆ ಹಸಿರು" ಎಂದಳು. ನೋಡಿದರೆ ನಿಜಕ್ಕೂ ಪಾಚಿಯ ಬಣ್ಣ. ಬೂಷ್ಟು ಅಂದುಕೊಂಡು ಇಡೀ ಟ್ರೇ ಕಸಕ್ಕೆ ಹಾಕಿದೆ.

ಅದು ಬೂಷ್ಟಲ್ಲ ಅಂತ ಆಮೇಲೆ ಗೊತ್ತಾಯಿತು. ಸೂರ್ಯಕಾಂತಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಇದೆ. ಅಡುಗೆ ಸೋಡಾದ ಕ್ಷಾರ ಸೇರಿದರೆ ಅದು ಹಸಿರಾಗುತ್ತದೆ. ಬಣ್ಣ ಏಳುವುದು ಹೆಚ್ಚಾಗಿ ಆರಿದ ಮೇಲೆ. ತಿಂದರೆ ಏನೂ ಆಗುವುದಿಲ್ಲ. ಮುಂದಿನ ಸಲ ಸೋಡಾ ಕಡಿಮೆ ಮಾಡಿ ಒಂದು ಚಮಚ ನಿಂಬೆರಸ ಹಾಕಿದೆ, ಬಣ್ಣ ಏಳಲಿಲ್ಲ. ಆದರೂ ನನ್ನ ಅಭಿಪ್ರಾಯ ಕೇಳಿದರೆ ಇದು ಬಾರ್ ಅಲ್ಲ, ಬಾರ್ ಆಕಾರದ ಕೇಕ್. ಮೆತ್ತಗೆ, ಮುಟ್ಟಿದರೆ ಪುಡಿ, ಹೊರಗಿಟ್ಟರೆ ಎರಡು ದಿನ.

ಹಾಗಂತ ಅದನ್ನು ಬಿಟ್ಟುಬಿಡಲು ಆಗಲಿಲ್ಲ. ಕಾರಣ ಸಕ್ಕರೆ. "ಸಕ್ಕರೆ ಹಾಕಿಲ್ಲ, ಬರೀ ಖರ್ಜೂರ" ಅಂತ ನಾನೂ ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದ್ದೆ. ಒಂದು ದಿನ ಕೂತು ಲೆಕ್ಕ ಹಾಕಿದೆ. ಖರ್ಜೂರದಲ್ಲಿ ಸುಮಾರು ಮೂರನೇ ಎರಡು ಭಾಗ ಸಕ್ಕರೆಯೇ. 200 ಗ್ರಾಂನಲ್ಲಿ ಹತ್ತಿರ ಹತ್ತಿರ 130 ಗ್ರಾಂ. ಜೇನಿನಲ್ಲಿ ನೂರಕ್ಕೆ 80ರಷ್ಟು ಸಕ್ಕರೆ ಇದ್ದರೂ, ನಾನು ಹಾಕಿದ್ದು 120 ಗ್ರಾಂ ಮಾತ್ರ, ಅಂದರೆ ಸುಮಾರು 96 ಗ್ರಾಂ. ಟ್ರೇಗೆ 12 ತುಂಡು ಎಂದರೆ ಖರ್ಜೂರದ ಬಾರ್‌ಗೆ 11 ಗ್ರಾಂ, ಜೇನಿನದಕ್ಕೆ 8 ಗ್ರಾಂ. ಬಾಳೆಹಣ್ಣಿನದಕ್ಕೆ 2 ಗ್ರಾಂ! ಖರ್ಜೂರದಲ್ಲಿ ನಾರು ಇದೆ, ಜೇನಿನಲ್ಲಿ ಇಲ್ಲ, ಅದನ್ನೂ ಹೇಳಬೇಕು. ಆದರೆ ಸಕ್ಕರೆ ಕಡಿಮೆ ಮಾಡಬೇಕಾದವರಿಗೆ ನಾನು ಕೇಕ್ ಎಂದು ಬೈದದ್ದೇ ಸರಿಹೋಗುವುದು.

ಈಗ ಮಗಳ ಬ್ಯಾಗಿಗೆ ಜೇನಿನ ಬಾರ್. ನನಗೆ, ಮನೆಯಲ್ಲೇ ಇರುವ ದಿನ, ಖರ್ಜೂರದ್ದು. ಅದನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಎರಡು ತಿಂಗಳು ತಲೆನೋವಿಲ್ಲ. ಬಾಳೆಹಣ್ಣಿನದನ್ನು ಹಣ್ಣು ಜಾಸ್ತಿ ಕಪ್ಪಾದಾಗ ಮಾಡುತ್ತೇನೆ, ಅವತ್ತೇ ಮುಗಿಸುತ್ತೇವೆ. ಕಳೆದ ವಾರ ಮಗಳು ಅದಕ್ಕೆ ನಿಂಬೆರಸ ಹಾಕಬೇಡ ಎಂದಳು. ಹಸಿರು ಬಾರನ್ನು ಗೆಳತಿಯರಿಗೆ ತೋರಿಸಬೇಕಂತೆ.