ಮೆಷಿನ್ ಡಿಸೈನ್ ಎಂ.ಟೆಕ್: ಮೂರು ಸ್ಟಾರ್, ಅದರಲ್ಲಿ ಎರಡು ವರ್ಕ್‌ಶಾಪಿಗೆ

ಕಾಲೇಜಿನ ಹೆಸರು ಹಾಕುತ್ತಿಲ್ಲ, ಕೇಳಲೂಬೇಡಿ. ಮೈಸೂರು ಕಡೆಯ ಒಂದು ಖಾಸಗಿ ಕಾಲೇಜು, ಎಂ.ಟೆಕ್ ಮೆಷಿನ್ ಡಿಸೈನ್, ಎರಡು ವರ್ಷದ ಕೋರ್ಸು. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ.

ಪಾಠ ಕೆಟ್ಟದಾಗೇನೂ ಇರಲಿಲ್ಲ. ಫೆಟೀಗ್ (ಮತ್ತೆ ಮತ್ತೆ ಹೊರೆ ಬಿದ್ದು ಲೋಹ ಸೋಲೋದು), ಗೇರ್, ವೈಬ್ರೇಶನ್, ಫೈನೈಟ್ ಎಲಿಮೆಂಟ್ (ಭಾಗವನ್ನು ಸಣ್ಣ ಸಣ್ಣ ತುಂಡು ಮಾಡಿ ಕಂಪ್ಯೂಟರಲ್ಲಿ ಸ್ಟ್ರೆಸ್ ಲೆಕ್ಕ ಹಾಕೋದು), ಎಲ್ಲವನ್ನೂ ಸರಿಯಾಗಿಯೇ ಹೇಳಿಕೊಟ್ಟರು. ತೊಂದರೆ ಏನೆಂದರೆ ಡಿಸೈನ್ ಒಂದು ದಾರಿ, ಪ್ರೊಡಕ್ಷನ್ ಇನ್ನೊಂದು ದಾರಿ. ಡಿಸೈನ್ ಮೇಷ್ಟ್ರು ಶಾಫ್ಟಿನ (ತಿರುಗುವ ದಂಡದ) ಲೆಕ್ಕ ಮಾಡಿಸುತ್ತಾರೆ, ವ್ಯಾಸ 37.4 ಮಿ.ಮೀ. ಬಂತು, ಸ್ಟ್ಯಾಂಡರ್ಡ್ ಸೈಜ್ 40 ಹಾಕಿಕೊಳ್ಳಿ, ಮುಗೀತು, ಮುಂದಿನ ಪ್ರಾಬ್ಲಂ. ಆ 40 ಅನ್ನು ಯಾವ ಮೆಷಿನ್ನಲ್ಲಿ ಮಾಡೋದು, ಎಷ್ಟು ಹೆಚ್ಚು ಕಮ್ಮಿ ಆದರೆ ನಡೆಯುತ್ತೆ ಅನ್ನೋದು ಅವರ ಸಿಲಬಸ್ಸಲ್ಲ. ಪ್ರೊಡಕ್ಷನ್ ಮೇಷ್ಟ್ರು ಟೇಲರ್ ಟೂಲ್ ಲೈಫ್ ಸಮೀಕರಣ ಬರೆಸುತ್ತಾರೆ, ಸ್ಪೀಡ್ ಜಾಸ್ತಿಯಾದರೆ ಟೂಲ್ ಬೇಗ ಸವೆಯುತ್ತೆ ಅಂತ. ಆದರೆ ಆ ಟೂಲ್ ಏನನ್ನು ಕತ್ತರಿಸುತ್ತಿದೆ? ಬೋರ್ಡ್ ಮೇಲೆ ಬರೀ ಒಂದು ಗ್ರಾಫು.

ಎರಡನ್ನೂ ಸೇರಿಸಿ ತೋರಿಸಿದವರು ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್. ಡಿಪ್ಲೊಮಾ ಓದಿದವರು, ಮಂಡ್ಯ ಕಡೆಯವರು. ನನ್ನ ಬ್ಯಾಚಿನವನೊಬ್ಬ ಗೇರ್‌ಬಾಕ್ಸ್ ಶಾಫ್ಟಿನ ಡ್ರಾಯಿಂಗ್ ತಂದಿದ್ದ. 40 ಮಿ.ಮೀ. ಶಾಫ್ಟು, ಅದರ ಮೇಲೆ ಕೂರುವ 6208 ನಂಬರಿನ ಬೇರಿಂಗು, ಶೋಲ್ಡರ್ (ಬೇರಿಂಗ್ ಒರಗಿ ನಿಲ್ಲುವ ಮೆಟ್ಟಿಲು) ಮೂಲೆಯಲ್ಲಿ 3 ಮಿ.ಮೀ. ಫಿಲೆಟ್, ಅಂದರೆ ದುಂಡನೆ ತಿರುವು. ಪುಸ್ತಕದ ಪ್ರಕಾರ ಸರಿಯೇ, ಫಿಲೆಟ್ ದೊಡ್ಡದಾದಷ್ಟೂ ಸ್ಟ್ರೆಸ್ ಕಮ್ಮಿ ಅಲ್ವಾ? ಸರ್ ಏನೂ ಹೇಳದೆ ಕಪಾಟಿನಿಂದ ಒಂದು ಹಳೇ 6208 ತಂದು ಅದರ ಒಳಮೂಲೆಯನ್ನು ಬೆರಳಲ್ಲಿ ಸವರಿ ತೋರಿಸಿದರು. ಅಲ್ಲಿರುವ ದುಂಡನೆ ತಿರುವಿನ ತ್ರಿಜ್ಯ ಕನಿಷ್ಠ 1.1 ಮಿ.ಮೀ. ಅಷ್ಟೇ. "ಇದು ಶೋಲ್ಡರ್‌ಗೆ ತಾಗೋದೇ ಇಲ್ಲ ಕಣಪ್ಪ, ನಿನ್ನ ಫಿಲೆಟ್ ಮೇಲೆ ಹತ್ಕೊಂಡು ಸೊಟ್ಟಗೆ ನಿಲ್ಲುತ್ತೆ." ಫಿಲೆಟ್ 1 ಮಿ.ಮೀ.ಗೆ ಇಳಿಸಬೇಕು, ಇಲ್ಲವೇ ದೊಡ್ಡದನ್ನೇ ಇಟ್ಟು ಮಧ್ಯೆ ಚ್ಯಾಂಫರ್ ಇರೋ (ಮೂಲೆಯನ್ನು ಓರೆಯಾಗಿ ಕತ್ತರಿಸಿದ) ಸ್ಪೇಸರ್ ರಿಂಗ್ ಹಾಕಬೇಕು. ಆಮೇಲೆ ಬರೀ 40 ಅಂತ ಬರೆದಿದ್ದ ಕಡೆ ಪೆನ್ಸಿಲ್ಲಲ್ಲಿ ಕೆ6 ಅಂತ, ಎಷ್ಟು ಹೆಚ್ಚು ಕಮ್ಮಿ ನಡೆಯುತ್ತೆ ಅನ್ನೋ ಗುರುತು ಸೇರಿಸಿದರು. ಅಂದರೆ ಶಾಫ್ಟು 40.002ರಿಂದ 40.018ರ ಒಳಗೇ ಇರಬೇಕು. 16 ಮೈಕ್ರಾನ್ ಜಾಗ. ಇದನ್ನು ಲೇತಲ್ಲಿ (ತಿರುಗಿಸಿ ಕತ್ತರಿಸುವ ಮೆಷಿನ್ನಲ್ಲಿ) ಮಾಡಿ ಅಷ್ಟಕ್ಕೇ ಬಿಡಬೇಡ, ಗ್ರೈಂಡಿಂಗ್ ಬೇಕು ಅಂದರು. ನಮ್ಮ ಗ್ರೈಂಡಿಂಗ್ ಮೆಷಿನ್ ಮಾತ್ರ ಎರಡು ವರ್ಷವೂ ಪ್ಲಾಸ್ಟಿಕ್ ಹೊದ್ದುಕೊಂಡೇ ಇತ್ತು.

ಇನ್ನೊಂದು ದಿನ ಆಲೆಮನೆಯ ಕಬ್ಬಿನ ಗಾಣದಿಂದ ಮುರಿದ ಶಾಫ್ಟ್ ತುಂಡು ತಂದರು. ಮುರಿದ ಜಾಗ ನೋಡಿದರೆ ಒಂದು ಭಾಗ ನುಣ್ಣಗೆ, ಕಮಾನಿನಂತೆ ಗೆರೆ ಗೆರೆ, ಇನ್ನೊಂದು ಭಾಗ ಒರಟೊರಟು. ಗೆರೆಗಳೆಲ್ಲ ಶುರುವಾಗಿದ್ದು ಕೀವೇ (ಕೀ ಕೂರಿಸಲು ಶಾಫ್ಟಿನಲ್ಲಿ ಕೊರೆದ ತೋಡು) ಮೂಲೆಯಿಂದ. ನುಣ್ಣಗಿರೋದು ಬಿರುಕು ದಿನದಿನಕ್ಕೆ ಬೆಳೆದ ಜಾಗ, ಒರಟಾಗಿರೋದು ಕೊನೆಗೆ ಒಂದೇ ಏಟಿಗೆ ಹೋದ ಜಾಗ. ಒಂದು ಸೆಮಿಸ್ಟರ್ ಪೂರ್ತಿ ಫೆಟೀಗ್ ಲೆಕ್ಕಕ್ಕೆ ಅಂತ ಗ್ರಾಫಲ್ಲಿ ಗುಡ್‌ಮನ್, ಸೋಡರ್‌ಬರ್ಗ್ ಗೆರೆ ಎಳೆದಿದ್ದೆವಲ್ಲ, ಅದು ಯಾತಕ್ಕೆ ಅಂತ ಅವತ್ತು ಗೊತ್ತಾಯಿತು.

ಕಂಪ್ಯೂಟರ್ ಲ್ಯಾಬಿಗೆ ಸ್ಟಾರ್ ಇಲ್ಲ. ಲೈಸೆನ್ಸ್ ಕಮ್ಮಿ, ಕಾಯೋದು ಜಾಸ್ತಿ. ಅದಕ್ಕಿಂತ ಬೇಜಾರು ಅಂದರೆ ಫೈನೈಟ್ ಎಲಿಮೆಂಟಿನ ಬಣ್ಣಬಣ್ಣದ ಚಿತ್ರ ಪ್ರಿಂಟ್ ಹಾಕಿ ರಿಪೋರ್ಟಿಗೆ ಅಂಟಿಸಿದರೆ ಮಾರ್ಕ್ಸ್ ಬಂದುಬಿಡುತ್ತಿತ್ತು. ಚೂಪು ಒಳಮೂಲೆಯನ್ನು ಹಾಗೇ ಉಳಿಸಿಕೊಂಡು ಮೆಶ್ (ಲೆಕ್ಕಕ್ಕೆ ಒಡೆದ ತುಂಡುಗಳ ಬಲೆ) ಸಣ್ಣ ಮಾಡುತ್ತಾ ಹೋದರೆ ಅಲ್ಲಿಯ ಸ್ಟ್ರೆಸ್ ಏರುತ್ತಲೇ ಇರುತ್ತದೆ, ಎಲ್ಲೂ ನಿಲ್ಲುವುದಿಲ್ಲ, ಆ ಸಂಖ್ಯೆಗೆ ಅರ್ಥವೇ ಇಲ್ಲ ಅಂತ ಯಾರೂ ಎಚ್ಚರಿಸಲಿಲ್ಲ. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಅದನ್ನೇ ಕೇಳಿದರು. ಅರ್ಧ ಬ್ಯಾಚ್ ಬೆಬ್ಬೆಬ್ಬೆ.

ದುಡ್ಡಿನ ವಿಷಯ. ಗೇಟ್ (ರಾಷ್ಟ್ರಮಟ್ಟದ ಪರೀಕ್ಷೆ) ಪಾಸಾಗಿ ಸೇರಿದವರಿಗೆ ನಾನು ಓದುವಾಗ ಎಐಸಿಟಿಇ (ತಾಂತ್ರಿಕ ಶಿಕ್ಷಣ ಮಂಡಳಿ) ಕಡೆಯಿಂದ ತಿಂಗಳಿಗೆ 12,400 ರೂಪಾಯಿ ಬರುತ್ತಿತ್ತು, ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ ಬಂದವರಿಗೆ ಅದಿಲ್ಲ. ಆದ್ದರಿಂದ ಗೇಟ್ ಬರೆಯದೆ ಸುಮ್ನೆ ಸೇರಬೇಡಿ. ಸ್ಕೋರು ಮೂರು ವರ್ಷ ನಡೆಯುತ್ತದೆ. ಗೇಟಲ್ಲಿ ಮೆಕ್ಯಾನಿಕಲ್ ಅಲ್ಲದೆ ಪ್ರೊಡಕ್ಷನ್ನಿಗೇ ಬೇರೆ ಪೇಪರ್ ಇದೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಮಾತ್ರ ಕಲಿಯಬೇಕು ಅನ್ನುವವರಿಗೆ ಎಂ.ಟೆಕ್ ಯಾಕೆ, ಮೈಸೂರಲ್ಲೇ ಸರ್ಕಾರದ ತರಬೇತಿ ಕೇಂದ್ರ ಜಿಟಿಟಿಸಿ ಇದೆ, ಶಾರ್ಟ್ ಟರ್ಮ್ ಕೋರ್ಸ್ ಕೇಳಿ ನೋಡಿ.

ಸೇರುವ ಮುಂಚೆ ವಾರದ ಮಧ್ಯೆ ಒಂದು ದಿನ ಹೋಗಿ ವರ್ಕ್‌ಶಾಪ್ ತೋರಿಸಿ ಅನ್ನಿ. ಲೇತ್ ಕೆಳಗಿನ ಟ್ರೇನಲ್ಲಿ ಹೊಸ ಚಿಪ್ಸ್ (ಕತ್ತರಿಸಿ ಬಿದ್ದ ಲೋಹದ ಚೂರು) ಇದೆಯಾ ನೋಡಿ. ತುಕ್ಕು ಹಿಡಿದಿದ್ದರೆ ಅಥವಾ ಟ್ರೇ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದರೆ ಬೇರೆ ಕಾಲೇಜು ನೋಡಿಕೊಳ್ಳಿ. ಮಂಡ್ಯದಿಂದ ಟ್ರೈನಲ್ಲಿ ಓಡಾಡುವವರು ಟೈಂಟೇಬಲ್ಲೂ ಕೇಳಿಕೊಳ್ಳಿ, ನಮ್ಮಲ್ಲಿ ಲ್ಯಾಬೆಲ್ಲ ಮಧ್ಯಾಹ್ನದ ಮೇಲೇ ಇರುತ್ತಿತ್ತು.