ರೊಟ್ಟಿ ಊಟ: ಮನೆಯದೋ, ಖಾನಾವಳಿಯದೋ, ಥಾಲಿಯದೋ?

ಧಾರವಾಡದಲ್ಲಿ ಜೋಳದ ರೊಟ್ಟಿಯ ಊಟ ಇಂದು ಮೂರು ಕಡೆ ಸಿಗುತ್ತದೆ. ಮೊದಲನೆಯದು ಮನೆ. ಎರಡನೆಯದು ಹಳೆಯ ಪೇಟೆ, ಬಸ್ ನಿಲ್ದಾಣ, ಕಾಲೇಜುಗಳ ಆಸುಪಾಸಿನಲ್ಲಿರುವ ಖಾನಾವಳಿ. ಮೂರನೆಯದು ಈಚಿನ ವರ್ಷಗಳಲ್ಲಿ ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ ಹೆಚ್ಚುತ್ತಿರುವ, ‘ಉತ್ತರ ಕರ್ನಾಟಕ ಥಾಲಿ’ ಎಂದು ಮೆನುವಿನಲ್ಲಿ ಬರೆದುಕೊಂಡಿರುವ ಎಸಿ ರೆಸ್ಟೋರೆಂಟ್. ಮೂರರಲ್ಲೂ ತಾಟಿಗೆ ಬರುವುದು ಹೆಚ್ಚುಕಡಿಮೆ ಒಂದೇ: ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಒಂದು ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ತರಕಾರಿ, ಕೊನೆಗೆ ಅನ್ನ ಮತ್ತು ಸಾರು. ಆದ್ದರಿಂದಲೇ ಇವನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಬರುತ್ತದೆ. ಮೂರು ಕಡೆಯೂ ಮನೆಮಂದಿಯೊಂದಿಗೆ ಉಂಡಿದ್ದೇನೆ. ಮನೆಯಲ್ಲಿ ರೊಟ್ಟಿ ಬಡಿಯುವವಳೂ ನಾನೇ. ‘ಮನೆಯ ಊಟಕ್ಕೆ ಸಮ ಇನ್ನೊಂದಿಲ್ಲ’ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪಲ್ಯದ ಮಟ್ಟಿಗೆ ಅದು ನಿಜ. ರೊಟ್ಟಿಯ ಮಟ್ಟಿಗೆ, ಅದರಲ್ಲೂ ಹಂಚಿನ ಮುಂದೆ ನಿಂತವರ ಪಾಲಿಗೆ, ಖಾನಾವಳಿಯೇ ಮೇಲು.

ರೊಟ್ಟಿಯಿಂದಲೇ ಆರಂಭಿಸಬೇಕು, ಏಕೆಂದರೆ ಈ ಊಟದಲ್ಲಿ ಎಲ್ಲಕ್ಕಿಂತ ಬೇಗ ಹದಗೆಡುವುದು ಅದೇ. ಗೋಧಿಯಲ್ಲಿರುವಂತೆ ಜೋಳದಲ್ಲಿ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಇಲ್ಲ. ಕುದಿಯುವ ಎಸರು ಬಿದ್ದೊಡನೆ ಅರೆಬೆಂದು ಅಂಟಾಗುವ ಪಿಷ್ಟವೇ ಹಿಟ್ಟನ್ನು ಕೂಡಿಸಿ ಹಿಡಿಯುತ್ತದೆ. ಹೀಗಾಗಿ ಹಿಟ್ಟು ಹೊಸದಾಗಿರಬೇಕು, ನಾದುವುದು ಚೆನ್ನಾಗಿ ಆಗಬೇಕು, ಬಡಿದ ರೊಟ್ಟಿ ತಡಮಾಡದೆ ಹಂಚಿಗೆ ಬೀಳಬೇಕು. ನವಲಗುಂದ, ರೋಣ, ಗದಗ ಕಡೆಯ ಎರೆಹೊಲಗಳಲ್ಲಿ ಹಿಂಗಾರಿಗೆ ಬಿತ್ತಿ, ಚಳಿಗಾಲ ಮುಗಿಯುವ ಹೊತ್ತಿಗೆ ಕೊಯ್ಯುವ ಬಿಳಿಜೋಳ, ಅದರಲ್ಲೂ ಮಾಲದಂಡಿ ಎಂಬ ನಾಡತಳಿಯಿಂದ ಆರಿಸಿ ಬೆಳೆಸಿದ ಎಂ 35-1 ತಳಿಯ ಜೋಳ, ರೊಟ್ಟಿಗೆ ಹೇಳಿ ಮಾಡಿಸಿದ್ದು. ಆದರೆ ಎಂಥ ಜೋಳವೇ ಆಗಲಿ, ಬೀಸಿದ ಹಿಟ್ಟು ಬಹಳ ದಿನ ಡಬ್ಬಿಯಲ್ಲಿ ಕೂತರೆ ಜಿಗುಟು ಹೋಗಿ, ಬಡಿಯುವಾಗ ಅಂಚು ಸೀಳತೊಡಗುತ್ತದೆ. ಮನೆಯಲ್ಲಿ ನಾವು ಗಿರಣಿಗೆ ಸ್ವಲ್ಪಸ್ವಲ್ಪವೇ ಜೋಳ ಕೊಟ್ಟು ಈ ತೊಂದರೆಯನ್ನು ನಿವಾರಿಸಿಕೊಳ್ಳುತ್ತೇವೆ. ಖಾನಾವಳಿಗೆ ಈ ತೊಂದರೆಯೇ ಇಲ್ಲ. ಅಲ್ಲಿ ದಿನವೂ ಚೀಲಗಟ್ಟಲೆ ಹಿಟ್ಟು ಖರ್ಚಾಗುವುದರಿಂದ ಹಳೆಯದಾಗಲು ಹಿಟ್ಟಿಗೆ ಪುರುಸೊತ್ತೇ ಸಿಗುವುದಿಲ್ಲ.

ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿ, ಆ ನೀರು ಆರುತ್ತಲೇ ತಿರುವಿ, ಕೊನೆಗೆ ಅಂಚನ್ನು ಉರಿಗೆ ತೋರಿಸಿದ ರೊಟ್ಟಿ ಎರಡು ಪದರಾಗಿ ಉಬ್ಬುತ್ತದೆ. ಮೇಲಿನ ಪದರು ಹಪ್ಪಳದಷ್ಟು ತೆಳು, ಕೆಳಗಿನದು ಮೆತ್ತಗೆ, ಒಳಗೆ ಬಿಸಿ ಹಬೆ. ಆ ಪದರನ್ನು ಬೆರಳಿನಿಂದ ಬಿಡಿಸಿ, ಒಳಗೆ ಶೇಂಗಾ ಚಟ್ನಿ ಉದುರಿಸಿ, ಮೇಲೊಂದು ಚಮಚ ಹಸಿ ಎಣ್ಣೆಯನ್ನೋ ತುಪ್ಪವನ್ನೋ ಬಿಟ್ಟರೆ ಪಲ್ಯದ ನೆನಪೇ ಆಗುವುದಿಲ್ಲ. ಆದರೆ ಈ ಸ್ಥಿತಿ ಉಳಿಯುವುದು ಕೆಲವೇ ನಿಮಿಷ. ಒಂದರ ಮೇಲೊಂದು ಪೇರಿಸಿದ ಕೂಡಲೇ ಕೆಳಗಿನ ರೊಟ್ಟಿಗಳು ಬೆವರುತ್ತವೆ. ಬಿಚ್ಚಿಟ್ಟರೆ ಗಾಳಿಗೆ ಬಿರುಸಾಗುತ್ತವೆ. ಪೂರ್ತಿ ಒಣಗಿಸಿದ ಖಡಕ್ ರೊಟ್ಟಿಯ ಸೊಗಸು ಬೇರೆ, ಅದನ್ನು ಈ ಲೆಕ್ಕಕ್ಕೆ ಸೇರಿಸುತ್ತಿಲ್ಲ.

ಮನೆಯ ಕಷ್ಟ ಇರುವುದು ಇಲ್ಲಿಯೇ. ಹಂಚು ಒಂದು, ನನ್ನನ್ನು ಬಿಟ್ಟು ಉಣ್ಣುವವರು ಐವರು. ಮಾವನವರಿಗೆ ಮತ್ತು ಮಕ್ಕಳಿಗೆ ಉಬ್ಬಿದ ರೊಟ್ಟಿ, ಅತ್ತೆಯವರಿಗೆ ಮತ್ತು ಪತಿಗೆ ಆಮೇಲಿನದು. ಕೊನೆಗೆ ಒಲೆ ಆರಿಸಿ ಕೂತಾಗ ನನಗೆ ಸಿಗುವುದು ಬುಟ್ಟಿಯ ತಳದ್ದು. ಬಡಿಯುವ ಕೈಯನ್ನು ಬದಲಿಸೋಣವೆಂದರೆ ನಮ್ಮ ಮನೆಯ ಗಂಡಸರ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಮೂರು ತುಂಡಾಗಿರುತ್ತದೆ. ಎಲ್ಲರೂ ಒಟ್ಟಿಗೆ ಕೂತು ಬಿಸಿ ರೊಟ್ಟಿ ಉಣ್ಣುವುದು ಒಂದೇ ಹಂಚಿನ ಮನೆಯಲ್ಲಿ ಆಗದ ಕೆಲಸ. ಮನೆಯೂಟವನ್ನು ಹೊಗಳುವವರು ಈ ಸಂಗತಿಯನ್ನು ಎಣಿಕೆಗೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಖಾನಾವಳಿಯಲ್ಲಿ ಒಳಗೆ ಎರಡು ಮೂರು ಹಂಚು ಒಟ್ಟಿಗೆ ಉರಿಯುತ್ತವೆ, ಬಡಿಯುವ ಸಪ್ಪಳ ಊಟದ ಕೋಣೆಯವರೆಗೂ ಕೇಳಿಸುತ್ತದೆ, ಬುಟ್ಟಿ ಹಿಡಿದ ಹುಡುಗ ಸಾಲಿನ ನಡುವೆ ನಿಲ್ಲದೆ ಓಡಾಡುತ್ತಾನೆ. “ಅಕ್ಕಾರ, ಬಿಸಿ ಅದಾವ ನೋಡ್ರಿ, ಇನ್ನೊಂದ ಹಾಕ್ಲೇನ್ರಿ?” ಎಂದು ಅವನು ಕೇಳಿದಾಗ ಬೇಡವೆನ್ನುವುದು ನನಗಂತೂ ಸಾಧ್ಯವಾಗಿಲ್ಲ. ಅತ್ತೆ, ಮಕ್ಕಳು, ನಾನು ಒಂದೇ ಹೊತ್ತಿಗೆ ಬಿಸಿ ರೊಟ್ಟಿ ಮುರಿಯುವುದು ಅಲ್ಲಿ ಮಾತ್ರ. ಇದನ್ನು ಅತ್ತೆಯವರ ಮುಂದೆ ಹೇಳಿದಾಗ ಅವರು, “ಅಲ್ಲೇನ ರೊಟ್ಟಿ ತಾವಽ ಬಡಕೊಂತಾವೇನ? ಅಲ್ಲೂ ಒಬ್ಬಾಕಿ ಹಂಚಿನ ಮುಂದ ಕುಂತಿರ್ತಾಳವಾ” ಎಂದರು. ಅದು ತೆಗೆದುಹಾಕುವ ಮಾತಲ್ಲ. ಒಮ್ಮೆ ಊಟದ ಹೊತ್ತು ಮೀರಿ ಹೋದಾಗ ರೊಟ್ಟಿ ಬಡಿಯುವ ಹೆಂಗಸರು ಒಳಗೆ ಸಾಲಾಗಿ ಕೂತು ಉಣ್ಣುತ್ತಿದ್ದರು. ಅವರ ತಾಟುಗಳಲ್ಲಿದ್ದದ್ದು ಅನ್ನ. ಅವರದು ಕೂಲಿಯ ಕೆಲಸ, ನನ್ನದು ಹಾಗಲ್ಲ ಎಂಬಷ್ಟೇ ವ್ಯತ್ಯಾಸವನ್ನು ನಾನು ಹೇಳಬಲ್ಲೆ.

ಖಾನಾವಳಿಯ ರೊಟ್ಟಿಗೂ ಒಂದು ಷರತ್ತಿದೆ, ಅದು ಹೊತ್ತಿನದು. ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ ನೂಕುನುಗ್ಗಲಿರುವಾಗ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬರುತ್ತದೆ. ಗದ್ದಲ ಬೇಡವೆಂದು ಮೂರರ ನಂತರ ಹೋದವರಿಗೆ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿ ಬರುತ್ತದೆ, ಅದು ಮನೆಯ ಬುಟ್ಟಿಯ ತಳದ ರೊಟ್ಟಿಗಿಂತ ಮೇಲೇನಲ್ಲ. ಸೀಟಿಗಾಗಿ ಯಾರದೋ ಬೆನ್ನ ಹಿಂದೆ ನಿಂತು ಕಾಯುವುದನ್ನು ಸಹಿಸಬೇಕು. ರೊಟ್ಟಿಯ ರುಚಿಗೆ ತೆರುವ ಬೆಲೆ ಅದು.

ಥಾಲಿಯ ರೊಟ್ಟಿಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಆ ಅಡುಗೆಮನೆಗಳಲ್ಲಿ ನಾನ್, ಕುಲ್ಚಾ, ನೂಡಲ್ಸ್‌ಗಳ ನಡುವೆ ಜೋಳದ ರೊಟ್ಟಿಯೂ ಒಂದು. ಒಂದು ಕಡೆಯ ರೊಟ್ಟಿ ಎಷ್ಟು ದುಂಡಗೆ, ಎಷ್ಟು ಸಮನಾಗಿತ್ತೆಂದರೆ ಅದು ಲಟ್ಟಿಸಿದ್ದೆಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಮುರಿದಾಗ ಅದು ಮುರಿಯದೆ ಎಳೆದಂತಾಯಿತು, ಗೋಧಿಹಿಟ್ಟು ಬೆರೆಸಿದ್ದರ ಗುರುತದು. ಬಡಿದ ರೊಟ್ಟಿಯ ಅಂಚು ಎಂದೂ ಅಷ್ಟು ನೀಟಾಗಿರುವುದಿಲ್ಲ. ಕೈಯಲ್ಲೇ ಬಡಿದು ಕೊಡುವ ರೆಸ್ಟೋರೆಂಟುಗಳೂ ಇವೆ, ಆದರೆ ಅಲ್ಲಿಯೂ ಒಂದು ತಾಟಿಗೆ ಎರಡೂ ರೊಟ್ಟಿಯನ್ನು ಒಮ್ಮೆಗೇ ತಂದಿಡುತ್ತಾರೆ, ಎರಡನೆಯದಕ್ಕೆ ಕೈ ಹೋಗುವ ಹೊತ್ತಿಗೆ ಅದು ತಣ್ಣಗಾಗಿರುತ್ತದೆ.

ಎಣ್ಣೆಗಾಯಿಯ ವಿಷಯಕ್ಕೆ ಬಂದರೆ ತಕ್ಕಡಿ ತಿರುಗುತ್ತದೆ. ಮನೆಯಲ್ಲಿ ನಾವು ಸಣ್ಣ ಎಳೆ ಬದನೆಯನ್ನು ತೊಟ್ಟು ಕೀಳದೆ ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಗುರೆಳ್ಳು (ಹುಚ್ಚೆಳ್ಳು), ಒಣಕೊಬ್ಬರಿ, ಹುಣಸೆ, ಬೆಲ್ಲ ಮತ್ತು ಮಸಾಲೆ ಖಾರವನ್ನು ಕಲಸಿ ತುಂಬಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸುತ್ತೇವೆ. ಗುರೆಳ್ಳಿನಿಂದ ಪಲ್ಯದ ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ಒಗರಿಗೆ ಹತ್ತಿರದ ಒಂದು ವಾಸನೆ ಬರುತ್ತದೆ, ರೊಟ್ಟಿಗೆ ಒಪ್ಪುವುದು ಅದೇ. ಖಾನಾವಳಿಯಲ್ಲಿ ಗುರೆಳ್ಳನ್ನು ಕಡಿಮೆ ಮಾಡಿ ಶೇಂಗಾ ಹೆಚ್ಚಿಸುತ್ತಾರೆ, ಗ್ರೇವಿ ಸಡಿಲವಾಗಿರುತ್ತದೆ, ಮೇಲೆ ಕೆಂಪೆಣ್ಣೆ ತೇಲುತ್ತದೆ. ಬದನೆಕಾಯಿ ಬಲಿತದ್ದಾದರೆ ಬೀಜ ಹಲ್ಲಿಗೆ ಸಿಗುತ್ತದೆ. ನೂರಾರು ಜನರಿಗೆ ಬಡಿಸುವಾಗ ಪ್ರತಿ ಕಾಯಿಯನ್ನೂ ಒತ್ತಿ ನೋಡಿ ಆರಿಸುವುದು ಯಾರಿಂದಲೂ ಆಗದು, ಹಾಗಾಗಿ ಇದನ್ನು ದೂರು ಎನ್ನಲಾರೆ. ರೆಸ್ಟೋರೆಂಟಿನ ಎಣ್ಣೆಗಾಯಿ ನೋಡಲು ಮೂರರಲ್ಲೇ ಚೆಂದ, ಉಂಡರೆ ಮೂರರಲ್ಲೇ ಸಪ್ಪೆ: ಅದರಲ್ಲಿ ಟೊಮೆಟೊ, ಗೋಡಂಬಿ, ಕೆಲವೊಮ್ಮೆ ಕೆನೆಯೂ ಇರುತ್ತದೆ, ಬದನೆಯನ್ನು ಮೊದಲೇ ಕರಿದಿಟ್ಟು ಆರ್ಡರ್ ಬಂದಾಗ ಗ್ರೇವಿಗೆ ಹಾಕುವುದರಿಂದ ಮಸಾಲೆ ಕಾಯಿಯ ಒಳಗೆ ಇಳಿದಿರುವುದಿಲ್ಲ.

ಖಾರದ ಬಗೆಗೂ ಎರಡು ಮಾತು ಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ. ಮನೆಯ ಖಾರಪುಡಿಯಲ್ಲಿ ಅದೇ ಹೆಚ್ಚಿರುವುದರಿಂದ ಪಲ್ಯ ಕಡುಗೆಂಪಾಗಿದ್ದರೂ ಮಕ್ಕಳು ಉಣ್ಣುತ್ತಾರೆ. ಖಾನಾವಳಿಯಲ್ಲಿ ಬಣ್ಣವೂ ಇದೆ, ಖಾರವೂ ಇದೆ. ನನ್ನ ಚಿಕ್ಕ ಮಗ ಅಲ್ಲಿ ಪಲ್ಯಕ್ಕಿಂತ ಹೆಚ್ಚು ಮೊಸರಿನಲ್ಲೇ ರೊಟ್ಟಿ ಮುಗಿಸುತ್ತಾನೆ.

ಕಾಳುಪಲ್ಯದಲ್ಲಿ ಖಾನಾವಳಿಗೂ ಮನೆಗೂ ಹೇಳುವಂಥ ವ್ಯತ್ಯಾಸ ನನಗೆ ಕಾಣಲಿಲ್ಲ. ಮಡಕೆ ಕಾಳಿಗಾಗಲಿ ಹೆಸರುಕಾಳಿಗಾಗಲಿ ಮೊಳಕೆ ಸರಿಯಾಗಿ ಬಂದಿದ್ದರೆ ಎಲ್ಲಿಯೂ ಕೆಡುವುದಿಲ್ಲ. ಪುಂಡಿ ಪಲ್ಯ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇವುಗಳಿಗೆ ಮನೆಯೇ ಸರಿ. ಹಸಿ ತರಕಾರಿಯಲ್ಲಿ ಖಾನಾವಳಿ ಮುಂದಿದೆ: ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ, ಎಳೆ ಮೆಂತ್ಯ ಸೊಪ್ಪನ್ನು ಒಂದು ತಟ್ಟೆಯಲ್ಲಿ ನಡುವೆ ಇಟ್ಟುಬಿಡುತ್ತಾರೆ, ಯಾರು ಎಷ್ಟು ಬೇಕಾದರೂ ಎತ್ತಿಕೊಳ್ಳಬಹುದು. ರೆಸ್ಟೋರೆಂಟಿನಲ್ಲಿ ಅದೇ ತರಕಾರಿಗೆ ಗ್ರೀನ್ ಸಲಾಡ್ ಎಂದು ಹೆಸರಿಟ್ಟು ಬೇರೆ ಬಿಲ್ ಹಾಕಿದ್ದನ್ನು ಕಂಡು ಮಾವನವರು ಬಹಳ ಹೊತ್ತು ನಕ್ಕರು.

ಹಂಚಿಕೊಂಡು ಉಣ್ಣುವ ರೀತಿಯೂ ಮೂರು ಕಡೆ ಮೂರು ಬಗೆಯದು. ಮನೆಯಲ್ಲಿ ಪಲ್ಯದ ಪಾತ್ರೆ ಒಂದೇ. ಯಾರಿಗೆ ಏನು ಇಷ್ಟವೆಂಬುದು ಬಡಿಸುವವರಿಗೆ ಗೊತ್ತು, ಎಣ್ಣೆಗಾಯಿಯ ತೊಟ್ಟು ಯಾರ ತಾಟಿಗೆ, ಗ್ರೇವಿ ಮಾತ್ರ ಯಾರಿಗೆ ಎಂಬುದನ್ನು ಕೇಳಬೇಕಾಗಿಲ್ಲ. ಖಾನಾವಳಿಯಲ್ಲಿ ರೊಟ್ಟಿಗೆ ಎಣಿಕೆ ಇದ್ದೀತು, ಪಲ್ಯ, ಚಟ್ನಿ, ಸಾರುಗಳಿಗೆ ಇರುವುದಿಲ್ಲ. ಪಕ್ಕದಲ್ಲಿ ಕೂತ ಅಪರಿಚಿತರು ಕೂಡ “ಆ ಚಟ್ನಿ ಡಬ್ಬಿ ಈ ಕಡೆ ಸರಸ್ರಿ” ಎನ್ನುತ್ತಾರೆ. ಥಾಲಿಯಲ್ಲಿ ಪ್ರತಿಯೊಬ್ಬರ ಬಟ್ಟಲೂ ಬೇರೆಬೇರೆ, ಬಟ್ಟಲೂ ಸಣ್ಣದು. ಒಬ್ಬರಿಗೆ ಸೇರದ ಪಲ್ಯ ಉಳಿಯುತ್ತದೆ, ಇನ್ನೊಬ್ಬರಿಗೆ ಸಾಲದಾಗುತ್ತದೆ, ಬಟ್ಟಲು ಅದಲುಬದಲು ಮಾಡಿಕೊಳ್ಳೋಣವೆಂದರೆ ಮಾಣಿಯ ನೋಟವನ್ನು ಎದುರಿಸಬೇಕು. ಆದರೂ ಮೊಣಕಾಲು ನೋವಿನ ಹಿರಿಯರಿಗೆ, ಬೆಂಗಳೂರಿನಿಂದ ಬಂದ ಬೀಗರಿಗೆ, ನಾಲ್ಕು ಮಾತು ಸಮಾಧಾನವಾಗಿ ಆಡಬೇಕೆನ್ನುವವರಿಗೆ ಆ ಕುರ್ಚಿ, ಆ ತಂಪು, ಆ ಸ್ವಚ್ಛ ಕೈತೊಳೆಯುವ ಜಾಗ ಎಲ್ಲವೂ ಬೇಕಾಗುತ್ತವೆ. ಖಾನಾವಳಿಯಲ್ಲಿ ಉಂಡ ಮೇಲೂ ಕೂತು ಹರಟಿದರೆ ಬೆನ್ನ ಹಿಂದೆ ಕಾಯುವವರು ಕೆಮ್ಮುತ್ತಾರೆ.

ಖರ್ಚಿನ ಲೆಕ್ಕ ಸರಳವಾಗಿದೆ. ಖಾನಾವಳಿಯ ಊಟ 100 ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ, ಥಾಲಿ ಅದರ ಎರಡು ಪಟ್ಟು ದಾಟುತ್ತದೆ, ಮೇಲೆ 5 ಪ್ರತಿಶತ ಜಿಎಸ್‌ಟಿ. ಮನೆಯದು ಎಲ್ಲಕ್ಕಿಂತ ಅಗ್ಗ, ಬಡಿಯುವ ಕೈಗೆ ಬೆಲೆ ಕಟ್ಟದಿದ್ದರೆ.

ಫೋನಿನಲ್ಲಿ ತರಿಸಿಕೊಳ್ಳುವ ರೊಟ್ಟಿ ಊಟವನ್ನೂ ನೋಡಿದ್ದಾಯಿತು, ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಬಿಸಿ ರೊಟ್ಟಿಯನ್ನು ಫಾಯಿಲ್‌ನಲ್ಲಿ ಸುತ್ತಿದರೆ ಹಬೆ ಒಳಗೇ ಉಳಿದು, ಮನೆ ಮುಟ್ಟುವ ಹೊತ್ತಿಗೆ ಅದು ಒಂದು ಮಗ್ಗುಲು ತೊಯ್ದು ಇನ್ನೊಂದು ಮಗ್ಗುಲು ನಾರಾಗಿರುತ್ತದೆ.

ಇದಕ್ಕಿಂತ ಎಷ್ಟೋ ಮೇಲಾದದ್ದು ನಮ್ಮ ಓಣಿಗಳಲ್ಲೇ ಇದೆ. ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಹೆಂಗಸರು ಹುಬ್ಬಳ್ಳಿ–ಧಾರವಾಡದ ಬಹುತೇಕ ಬಡಾವಣೆಗಳಲ್ಲಿದ್ದಾರೆ. ಖಡಕ್ ರೊಟ್ಟಿ ಯಾವಾಗಲೂ ಸಿಗುತ್ತದೆ. ಮೆತ್ತನೆಯದು ಬೇಕಾದರೆ ಬೆಳಿಗ್ಗೆಯೇ ಹೇಳಿಡಬೇಕು. ವಾರದ ನಡುವೆ ನಾವು ಪಲ್ಯ, ಸಾರು ಮನೆಯಲ್ಲಿ ಮಾಡಿ, ಒಂದೂಕಾಲಿಗೆ ಸರಿಯಾಗಿ ಯಾರಾದರೊಬ್ಬರು ಬಟ್ಟೆ ಹಾಸಿದ ಬುಟ್ಟಿ ಹಿಡಿದು ಹೋಗಿ ರೊಟ್ಟಿ ತರುತ್ತೇವೆ. ಉಬ್ಬಿದ ಪದರು ದಾರಿಯಲ್ಲಿ ಕೂತುಬಿಡುತ್ತದೆ, ಖಾನಾವಳಿಯ ಮಟ್ಟಕ್ಕೆ ಅದು ಬರುವುದಿಲ್ಲ, ಆದರೆ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಭಾನುವಾರ ಖಾನಾವಳಿಗೆ ಹೋಗುತ್ತೇವೆ, ಮಧ್ಯಾಹ್ನ ಒಂದು ಗಂಟೆಯೊಳಗೆ. ಥಾಲಿಯನ್ನು ಬೀಗರಿಗೆಂದು ಇಟ್ಟುಕೊಂಡಿದ್ದೇವೆ. ಅಲ್ಲಿ ರೊಟ್ಟಿಯನ್ನು ಒಂದೊಂದಾಗಿ ತರಲು ಮೊದಲೇ ಹೇಳಿದರೆ ಹೆಚ್ಚಿನ ಕಡೆ ತಂದುಕೊಡುತ್ತಾರೆ.